ಮೂರು ಗೇಣು ಹೆಚ್ಚಾದ ಹಗ್ಗ

ಯುಗಾದಿ ಕಳೆದು ಕಾಡುದ್ರಾಕ್ಷಿ ಚಿಗುರಿತೆಂದರೆ ಹೊಳೆಯ ಮೇಲಿನ ಬಂಡೆಯಿಂದ ಆ ಬಳ್ಳಿಗಳಲ್ಲಿ ತೂಗುವ ಮನೆಗಳೆಲ್ಲ ದಿನಕ್ಕೊಂದು ಗೇಣು ಮೇಲೇರುತ್ತವೆ. ಮಳೆಗಾಲದ ನೆರೆ ಬರುವಷ್ಟರಲ್ಲಿ ನೀರಿಗೆ ಸಿಗದಷ್ಟು ಎತ್ತರ ಮುಟ್ಟಿರಬೇಕು. ಈ ವರ್ಷ ತುಂಗವ್ವನ ಮನೆ ಮಾತ್ರ ಇದ್ದಲ್ಲೇ ಇತ್ತು. ತಪ್ಪು ಅವಳದೇ. ಹೋದ ವರ್ಷ ಮಗಳ ಮದುವೆಯ ಚಪ್ಪರಕ್ಕೆಂದು ಬಳ್ಳಿಯ ಎಳೆ ಕುಡಿಗಳನ್ನೆಲ್ಲ ಕೊಯ್ದು ಹೊದಿಸಿದ್ದಳು.

ಬಳ್ಳಿ ನೋಡುವ ಮಲಕಾಜಪ್ಪ ಕಾಂಡಕ್ಕೆ ಕಿವಿಯಿಟ್ಟು, "ಇದು ಬರೇ ಬೇರು ಬಿಡಾಕತ್ತೈತಿ. ಗಂಟುಮೂಟಿ ಕಟ್ಟಿ ಮಗಳ ಮನೀಗೆ ನಡಿ" ಎಂದಿದ್ದ.

"ಬೇರಿನ ಹೊಟ್ಟಿ ತುಂಬಿದ ಮ್ಯಾಲ ಏಳತೈತಿ ಬಿಡು. ಅದರ ಹೊಟ್ಟಿ ಮ್ಯಾಲ ಹೊಡದಾಕಿ ನಾನ" ಎಂದು ತುಂಗವ್ವ ಕದಲಲಿಲ್ಲ.

ಮೇಲಿನ ಮನೆಯ ಹುಸೇನಬಿ ದಿನಾ ಬೆಳಿಗ್ಗೆ ಹಗ್ಗ ಕಟ್ಟಿ ರೊಟ್ಟಿಬುಟ್ಟಿ ಇಳಿಬಿಡುತ್ತಿದ್ದಳು. ತನ್ನ ಮನೆ ಏರಿದಂತೆಲ್ಲ ಹಗ್ಗವನ್ನೂ ಒಂದೊಂದು ಗೇಣು ಹೆಚ್ಚಿಸುತ್ತಿದ್ದಳು. ಇವತ್ತು ಬುಟ್ಟಿ ತುಂಗವ್ವನ ಕಿಟಕಿ ದಾಟಿ ಕೆಳಗೆ ಹೋಗಿ ಜೋತಾಡಿತು.

"ಯವ್ವಾ, ಕಣ್ಣು ಕಾಣವಲ್ವೇನ? ಹಗ್ಗ ಜಾಸ್ತಿ ಬಿಟ್ಟಿ!" ತುಂಗವ್ವ ಗದರಿದಳು.

"ನಿನ್ನಿ ಬಿಟ್ಟಿದ್ದಕ್ಕಿಂತ ಒಂದ ಗೇಣು ಅಷ್ಟ ಹೆಚ್ಚು ಬಿಟ್ಟೀನವಾ!"

ತುಂಗವ್ವ ಬಾಗಿ ಹಗ್ಗವನ್ನು ಗೇಣಿನಿಂದ ಅಳೆಯುತ್ತ ಬುಟ್ಟಿ ಎಳೆದುಕೊಂಡಳು. ಕಿಟಕಿಯಿಂದ ಕೆಳಗೆ ಸರಿಯಾಗಿ ಮೂರು ಗೇಣು; ರಾತ್ರೋರಾತ್ರಿ ಏರಿದ್ದು ತನ್ನ ಮನೆಯೇ. ರೊಟ್ಟಿ ಇನ್ನೂ ಬಿಸಿಯಿತ್ತು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಮೇಲೆ ನೋಡಿದಳು.

"ಹಗ್ಗ ಸುತ್ತಿಡಾಕ ಹತ್ತು, ಹುಸೇನಬಿ. ಮಳಿ ಬರೂದ್ರಾಗ ನಿನ್ನ ಹೊಸ್ತಲಕ್ಕ ಬಂದು ರೊಟ್ಟಿ ಇಸ್ಕೋತೀನಿ."