ತಾನಾಗಿ ಇಳಿಯುವ ಸೌಂಡು

"ಇವತ್ತು ಇದರ ಕಳ್ಳತನ ಹಿಡಿದೇ ಹಿಡೀತೀನಿ" ಎನ್ನುತ್ತ ಮೇಸ್ತ್ರಿ ರಿಮೋಟಿನ ಬೆನ್ನು ಬಿಚ್ಚಿ ಹಳೆಯ ಪೇಪರಿನ ಮೇಲೆ ಹರಡಿಕೊಂಡು ಕುಳಿತರು. ಹೊಸ ಸೆಲ್ಲು ಹಾಕಿದ್ದಾಗಿತ್ತು. ಸೆಲ್ಲು ಕೂರುವ ಸ್ಪ್ರಿಂಗನ್ನು ಉಪ್ಪುಕಾಗದದಿಂದ ತಿಕ್ಕಿದ್ದಾಗಿತ್ತು. ಸಿನಿಮಾ, ಧಾರಾವಾಹಿಗಳನ್ನೆಲ್ಲ ಇಂಟರ್ನೆಟ್ಟಿನಿಂದ ಎಳೆದು ತರುವ ಬೆರಳುದ್ದದ ಸ್ಟಿಕ್ಕನ್ನು ಟಿವಿಯ ಹಿಂದಿನಿಂದ ಕಿತ್ತು, ಊದಿ, ಮತ್ತೆ ಸಿಕ್ಕಿಸಿದ್ದೂ ಆಗಿತ್ತು. ಸಹಾಯವಾಣಿಗೆ ಫೋನು ಮಾಡಿ, "ಬಾಯಲ್ಲಿ ಹತ್ತಿ ಇಟ್ಕೊಂಡು ಮಾತಾಡ್ತಾಳೆ" ಎಂದು ಬೈದು ಇಟ್ಟಿದ್ದರು. ಆದರೂ ಅದೇ ಕಥೆ. ಎಷ್ಟು ಏರಿಸಿಟ್ಟರೂ, ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಸೌಂಡು ತಾನಾಗಿ ಇಳಿದಿರುತ್ತಿತ್ತು.

"ಸರಿಹೋಗಲಿಲ್ಲ ಅಂದ್ರೆ ಅಂಗಡಿಯವನ ಮುಖಕ್ಕೇ ಎಸೆದು ಬರ್ತೀನಿ. ಯಾರ ಹತ್ರ ಆಟ ಆಡ್ತಾನೆ?"

ಟಿವಿ ಒರೆಸುತ್ತಿದ್ದ ಹೆಂಡತಿ ಆ ಕಡೆ ಮುಖ ಮಾಡಿಕೊಂಡೇ ಏನೋ ಅಂದಳು.

"ಏನಂದೆ?"

"ಏನಿಲ್ಲ" ಎಂದು ಇತ್ತ ತಿರುಗಿ ಗಟ್ಟಿಯಾಗಿ ಹೇಳಿದಳು.

ಒರೆಸುವ ಬಟ್ಟೆಯ ಮರೆಯಲ್ಲಿ ಟಿವಿಯ ಕೆಳಂಚಿನ ಗುಂಡಿ ಎಲ್ಲಿದೆಯೆಂದು ಅವಳ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಮೇಲಿನ ಮನೆಯ ನರ್ಸು, ನಿದ್ದೆಗೆಟ್ಟ ಮುಖದಲ್ಲಿ ಬಾಗಿಲಿಗೆ ಬಂದು "ಅಮ್ಮಾ, ಸ್ವಲ್ಪ ಸಣ್ಣಗೆ ಇಡ್ತೀರಾ?" ಎಂದು ಕೇಳಿಕೊಂಡ ದಿನದಿಂದ ಸೌಂಡು ಇಳಿಸುತ್ತಿದ್ದ ಕಳ್ಳಿ ಅವಳೇ. ನಿಮ್ಮ ಕಿವಿ ಮಂದವಾಗಿದೆ ಎಂದು ಈ ಮನುಷ್ಯನಿಗೆ ಹೇಳುವುದು ಹೇಗೆ? ಆ ಕಿವಿಯಿಂದಲೇ ಅಲ್ಲವೇ ಮನೆ ನಡೆದದ್ದು! ತಮ್ಮ ರಿಪೇರಿ ಶೆಡ್ಡಿಗೆ ಯಾವ ಗಾಡಿ ಬಂದರೂ ಮೇಸ್ತ್ರಿ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. "ಸ್ಟಾರ್ಟ್ ಮಾಡು" ಎನ್ನುತ್ತಿದ್ದರು. ಮರುಗಳಿಗೆಯಲ್ಲಿ ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಶೆಡ್ಡು ಬಿಟ್ಟುಕೊಟ್ಟಾಗ ಪಾನಾ ಮೊದಲಾದ ಸಾಮಾನುಗಳನ್ನೆಲ್ಲ ಕೈಕೆಳಗಿನವರಿಗೆ ಹಂಚಿದವರು, ಆ ಸ್ಕ್ರೂಡ್ರೈವರನ್ನು ಮಾತ್ರ ಮನೆಗೆ ತಂದು ಟಿವಿ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು.

ನಾಲ್ಕು ಬೀದಿ ಆಚೆ ಬೇರೆ ಮನೆ ಮಾಡಿಕೊಂಡಿದ್ದ ಸೊಸೆಗೆ ಕರೆ ಹೋಯಿತು. ಬಂದವಳೇ ರಿಮೋಟು ಜೋಡಿಸಿ, ಅದರ ಮೂತಿಯನ್ನು ಮೊಬೈಲಿನ ಕ್ಯಾಮೆರಾದ ಮುಂದೆ ಹಿಡಿದು ಸೌಂಡಿನ ಗುಂಡಿ ಒತ್ತಿದಳು. ಬರಿಗಣ್ಣಿಗೆ ಕಾಣದ ಚುಕ್ಕೆಯಷ್ಟು ಬೆಳಕು ಮೊಬೈಲಿನಲ್ಲಿ ಮಿಣಮಿಣ ಎಂದಿತು.

"ನೋಡಿ ಮಾವ, ರಿಮೋಟು ಗಟ್ಟಿಮುಟ್ಟಾಗಿದೆ."

"ಬಾಯಿಬಿಟ್ಟು ಮಾತಾಡಮ್ಮ. ನೀನೂ ಸಹಾಯವಾಣಿಯೋಳ ಹಾಗೇ ಆದೆ."

"ರಿಮೋಟು ಸರಿ ಇದೆ ಅಂದೆ!"

"ಹಾಗಾದ್ರೆ ಸ್ಟಿಕ್ಕೇ ಕಳ್ಳ."

"ಅದನ್ನೂ ನೋಡೇ ಬಿಡೋಣ" ಎಂದು ಸೊಸೆ ಸ್ಟಿಕ್ಕನ್ನು ಆಫ್ ಮಾಡಿ, ಆನ್ ಮಾಡಿ, ಸೌಂಡಿನ ಗುಂಡಿಯನ್ನು ಒತ್ತಿಯೇ ಹಿಡಿದಳು. ಪರದೆಯ ಮೇಲಿನ ಗೆರೆ ಏರುತ್ತ ಏರುತ್ತ ಕೊನೆ ಮುಟ್ಟಿತು. ಕಿಟಕಿಯ ಗಾಜು ಗುಂಯ್ ಎಂದಿತು. ಸೊಸೆ ಹೆಗಲೆತ್ತಿ ಒಂದು ಕಿವಿ ಮುಚ್ಚಿಕೊಂಡಳು.

"ಹಾಂ, ಈಗ ಪರವಾಗಿಲ್ಲ" ಎಂದರು ಮೇಸ್ತ್ರಿ. "ಇನ್ನೊಂದು ಚೂರು ಏರಿಸು."

ಸೊಸೆ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಬೇಡವೆಂದು ತಲೆಯಾಡಿಸಿದಳು. ಆ ಕಣ್ಣುಗಳನ್ನು ನೋಡಿ ಸೊಸೆ ಬಂದ ಮಾತು ನುಂಗಿಕೊಂಡು, "ಹೌದು ಮಾವ, ಸ್ಟಿಕ್ಕೇ ಸ್ವಲ್ಪ ವೀಕು!" ಎಂದು ಕೂಗಿದಳು.

ಆದರೆ ಮೇಸ್ತ್ರಿ ಅವಳತ್ತ ನೋಡುತ್ತಿರಲಿಲ್ಲ. ಟಿವಿ ಮೇಜಿನ ಮೇಲಿದ್ದ ತಮ್ಮ ಟೀ ಲೋಟವನ್ನು ನೋಡುತ್ತಿದ್ದರು. ಟೀಯ ಮೇಲೆ ಸಣ್ಣ ಸಣ್ಣ ಬಳೆಗಳೆದ್ದು ನಡುಗುತ್ತಿದ್ದವು. ಮೇಜಿನ ಮೇಲೆ ಅಂಗೈ ಊರಿದರು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಡ್ರಾಯರು ಎಳೆದು ಸ್ಕ್ರೂಡ್ರೈವರು ತೆಗೆದರು. ತುದಿಯನ್ನು ಟಿವಿಯ ಬೆನ್ನಲ್ಲಿ, ಸೌಂಡು ಬರುವ ಜಾಲರಿಯ ಪಕ್ಕಕ್ಕೆ ಊರಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿಕೊಂಡು ಕಣ್ಣು ಮುಚ್ಚಿದರು.

ಮೂಳೆಯೊಳಗೆ ಮೊಳಗಿದ ಸೌಂಡಿಗೆ ತಟ್ಟನೆ ಬೆಚ್ಚಿ ಕಣ್ಣು ಬಿಟ್ಟರು.

"ಆಫ್ ಮಾಡಮ್ಮ. ಮೇಲೆ ಆ ನರ್ಸು ಹುಡುಗಿ ಮಲಗಿರ್ತಾಳೆ."

ಸೊಸೆ ಆಫ್ ಮಾಡಿದಳು. ಟೀ ಬಿಸಿ ಮಾಡಿಕೊಂಡು ಬರುವ ನೆಪದಲ್ಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಸರಿದಳು. ಮೇಸ್ತ್ರಿ ಹೆಂಡತಿಯ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು, ಹೆಬ್ಬೆರಳನ್ನು ನೋಡಿದರು, ಟಿವಿಯ ಕೆಳಂಚಿನ ಗುಂಡಿಯನ್ನು ನೋಡಿದರು.

"ಅದಕ್ಕೇನಾ ಈ ಟಿವಿಗೆ ದಿನಕ್ಕೆ ಹತ್ತು ಸಲ ಸ್ನಾನ?"

ಅವಳು ಬಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿದಳು.

"ನಂಗೆ ಒಂದು ಮಾತು ಹೇಳಬಾರದಿತ್ತೇನೇ?"

"ದಿನಾ ಹೇಳ್ತಿದ್ದೆ ರೀ" ಎಂದಳು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. "ಮೆಲ್ಲಗೆ ಹೇಳ್ತಿದ್ದೆ."

ಮೇಸ್ತ್ರಿಯ ಮೀಸೆ ಒಂದು ಸಲ ಅದುರಿತು. ಸ್ಕ್ರೂಡ್ರೈವರನ್ನು ಡ್ರಾಯರಿಗೆ ಹಾಕಿ, ಅವಳ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ತಲೆ ವಾಲಿಸಿ, ಕಿವಿಯ ಹಿಂದಿನ ಮೂಳೆಯನ್ನು ಅವಳ ದವಡೆಗೆ ಒತ್ತಿ, ಕಣ್ಣು ಮುಚ್ಚಿದರು.

"ಸ್ಟಾರ್ಟ್ ಮಾಡು" ಎಂದರು ಮೇಸ್ತ್ರಿ.