ಡಿಸ್ಕಿನಲ್ಲಿ ಖಾಲಿ ಜಾಗ

ಖಂಡಿತವಾಗಿ ಅಳಿಸಬೇಕೇ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಹೌದೆನ್ನಲು ‘ವೈ’ ಒತ್ತಿದರೆ ಸಾಕು. ಅತ್ತಾವರದ ಆಸ್ಪತ್ರೆಯೊಂದರ ರಕ್ತನಿಧಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶಶಿಪ್ರಭಾಳ ಬೆರಳು ಆ ಕೀಯ ಮೇಲೆ ಬಂದು ನಿಂತುಬಿಟ್ಟಿತು.

ಹೆರಿಗೆಗೆ ಬಂದಿದ್ದ ಬೀಫಾತಿಮ್ಮನಿಗೆ ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕಿತ್ತು. ದಾನಿಗಳ ಪಟ್ಟಿ ಕೇಳಿ ಕಾಲು ಗಂಟೆಯಾದರೂ ಕಂಪ್ಯೂಟರ್ ಗರಗರ ಎನ್ನುತ್ತಲೇ ಇತ್ತು. “ಡಿಸ್ಕ್ ತುಂಬಿದೆ ಸರ್. ಹೆಸರು ವಿಂಗಡಿಸ್ಲಿಕ್ಕೆ ಒಳಗೆ ಖಾಲಿ ಜಾಗ ಬೇಕು, ಅದಿಲ್ಲದೆ ಒದ್ದಾಡ್ತಾ ಉಂಟು,” ಎಂದು ಶಶಿಪ್ರಭಾ ಪಕ್ಕದಲ್ಲಿ ನಿಂತಿದ್ದ ಡಾಕ್ಟರಿಗೆ ಹೇಳಿದ್ದಳು. “ತೆಗೆಯುವಂಥದ್ದು ನಿಮ್ಮ ಟಿಪ್ಪಣಿಗಳು ಮಾತ್ರ. ಅರ್ಧ ಗಂಟೆ ಕೊಡಿ, ಫ್ಲಾಪಿಗೆ ಹಾಕ್ತೇನೆ.”

ಹಾವು ಕಡಿತದ ಬಗ್ಗೆ ಡಾಕ್ಟರ್ ಜಯಪಾಲರು ನಾಲ್ಕು ವರ್ಷ ಕಲೆಹಾಕಿದ ಟಿಪ್ಪಣಿಗಳವು. ಸಂಜೆ ಡ್ಯೂಟಿ ಮುಗಿದ ಮೇಲೆ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದವರೂ ಅವರೇ. ಬೇರೆ ಪ್ರತಿ ಇರಲಿಲ್ಲ. ಆದರೂ ಈಗಲೇ ಅಳಿಸಲು ಅವರೇ ಹೇಳಿದ್ದರು.

“ಅರ್ಧ ಗಂಟೆ ಅವಳ ಹತ್ರ ಇಲ್ಲ ಮಾರಾಯ್ತಿ,” ಎಂದವರೇ ಶಶಿಪ್ರಭಾಳ ಕೈ ಸರಿಸಿ ಡಾಕ್ಟರು ತಾವೇ ‘ವೈ’ ಒತ್ತಿದರು. ಅವಳು ಪಟ್ಟಿಯನ್ನು ಮತ್ತೆ ಕೇಳಿದಳು. ಈ ಸಲ ನಿಮಿಷದೊಳಗೆ ಹೆಸರುಗಳು ಬಂದವು. ಮೊದಲನೆಯದು ಫಳ್ನೀರಿನ ಚಿತ್ತರಂಜನ ಶೆಟ್ಟರದು.

ಡಾಕ್ಟರು ಎಡಗೈಯಲ್ಲಿ ಫೋನ್ ಹಿಡಿದರು. “ಶೆಟ್ರೇ, ಒಂದು ಬಾಟ್ಲಿ ರಕ್ತ ಬೇಕಿತ್ತು. ಈಗಲೇ ಬರ್ಲಿಕ್ಕೆ ಆಗ್ತದಾ?” ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ‘ವೈ’ ಒತ್ತಿದ ಬೆರಳು ಮಾತ್ರ ಮೇಜಿನ ಅಂಚನ್ನು ಒತ್ತಿ ಹಿಡಿದಿತ್ತು, ಉಗುರು ಬೆಳ್ಳಗಾಗಿತ್ತು. ಅದನ್ನು ಕಂಡ ಶಶಿಪ್ರಭಾ ತನಗರಿವಿಲ್ಲದೆಯೇ ಕುರ್ಚಿಯಿಂದ ಎದ್ದು ನಿಂತಳು.