ನಮ್ಮನೆಗೂ ಬಂದ ಸರೋವರ

ಸರೋವರಗಳು ಬೇಸಿಗೆಯಲ್ಲಿ ಊರೂರು ಅಲೆಯುವುದರಿಂದ, ಪ್ರವಾಸ ಹೊರಡುವವರು ಮೊದಲು ಅವುಗಳ ವೇಳಾಪಟ್ಟಿ ನೋಡಬೇಕು. ನಾನು ನೀಲವ್ವ ಎಂಬ ಸರೋವರವನ್ನೂ ಪಕ್ಕದ ನದಿ ಕಣಿವೆಯನ್ನೂ ಒಂದೇ ಪ್ರವಾಸಕ್ಕೆ ಹೇಗೋ ಹೊಂದಿಸಿದ್ದೆ. ಅಷ್ಟರಲ್ಲಿ ನಮ್ಮವರು ಮೆಟ್ಟಿಲು ಜಾರಿ ಕಾಲು ಮುರಿದುಕೊಂಡರು. ಪ್ರವಾಸ ರದ್ದಾಯಿತು; ಮಗಳು ಇಂಚರ ಮುನಿಸಿಕೊಂಡು ಮಾತು ಬಿಟ್ಟಳು.

ಹೊರಡಬೇಕಿದ್ದ ದಿನ ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು: ‘ನೀಲವ್ವ ದಾರಿ ಬದಲಿಸಿದೆ.’ ಇನ್ನೆಲ್ಲಿಗೆ ಹೋದರೆ ನನಗೇನು ಎಂದು ರೇಗುತ್ತಲೇ ಬಾಗಿಲು ತೆರೆದೆ. ಗೇಟಿನಾಚೆ ರಸ್ತೆಯುದ್ದಕ್ಕೂ ತಿಳಿನೀರು ನಿಂತಿತ್ತು.

“ಹೋದ ವರ್ಷ ನೀಲವ್ವನಿಗೆ ಬಾಗಿನ ಕೊಟ್ಟು ಏನಂದೆ?” ಸೋಫಾದಿಂದಲೇ ಕೇಳಿದರು ನಮ್ಮವರು.

“ನಮ್ಮನೆಗೂ ಬಾರಮ್ಮ ಅಂದೆ. ಬಾಯಿಮಾತಿಗೆ ರೀ!”

ಇಂಚರ ಕಿರುಚುತ್ತಾ ಆಚೆ ಓಡಿದಳು. ನನ್ನ ಎದೆ ಹಗುರಾಯಿತು. ಅರಿಶಿನ ಕುಂಕುಮ ತಂದು ಗೇಟು ತೆಗೆದೆ.

“ಮೆಟ್ಟಿಲವರೆಗೆ ಸಾಕಮ್ಮ. ಒಳಗೆ ಬಂದರೆ ಇವರ ಪ್ಲಾಸ್ಟರ್ ನೆನೆಯುತ್ತೆ.”